ಪರದೆ ಮೇಲೆ ನೀಲಿ ನೀರು, ದಾರಿಯಲ್ಲಿ ಏದುಸಿರು!

ಮೊದಲೇ ಒಂದು ಗುಟ್ಟು ರಟ್ಟು ಮಾಡಿಬಿಡ್ತೀನಿ. ‘ತ್ರೀ ಈಡಿಯಟ್ಸ್’ ಚಿತ್ರ ನಮಗೆಲ್ಲ ಒಂದು ಸುಳ್ಳು ಹೇಳಿದೆ!

ಕೋಪ ಬೇಡ ಗುರುಗಳೇ. ಆ ಚಿತ್ರದ ಮೇಲೆ ನನಗೂ ನಿಮ್ಮಷ್ಟೇ ಪ್ರೀತಿ. 2009ರ ಡಿಸೆಂಬರ್‌ನಲ್ಲಿ ಅದು ತೆರೆ ಕಂಡಾಗ ನನಗೆ ಹನ್ನೆರಡರ ಆಸುಪಾಸು. ಮುಂದೆ ಪಿಯುಸಿಗೆ ಕೈಮುಗಿದು ಹೊರಗೆ ಬಂದಾಗ ಮನೆಯವರ ಬಾಯಿ ಮುಚ್ಚಿಸೋಕೆ ಅದೇ ಚಿತ್ರದ ಡೈಲಾಗುಗಳನ್ನ ಉರು ಹೊಡೆದವನು ನಾನು. (ಬಾಯಿ ಮುಚ್ಚಲಿಲ್ಲ, ಅದು ಬೇರೆ ಮಾತು.) ಈಗ ಕೊನೆಯ ರೀಲು ನೆನಪು ಮಾಡಿಕೊಳ್ಳಿ. ಗೆಳೆಯರು ಕಾರು ಓಡಿಸಿಕೊಂಡು ಲಡಾಖಿನ ಒಂದು ಶಾಲೆಗೆ ಬರ್ತಾರೆ. ಮಕ್ಕಳು, ಚಿತ್ರವಿಚಿತ್ರ ಯಂತ್ರಗಳು, ನಗು. ಕಣ್ಣು ಮಿಟುಕಿಸುವಷ್ಟರಲ್ಲಿ, ಆಹಾ! ನೀಲಿ ಸರೋವರ. ದಡದಲ್ಲಿ ಆಮೀರ್ ಖಾನ್ ಆಟದ ವಿಮಾನ ಹಾರಿಸ್ತಾ ನಿಂತಿದ್ದಾನೆ. ಮದುವೆ ಬಟ್ಟೆಯಲ್ಲೇ ಓಡಿ ಬಂದ ಕರೀನಾ ಕಪೂರ್. ನೋಡಿದವರು ಏನಂದುಕೊಳ್ಳಬೇಕು? ಶಾಲೆಯ ಹಿತ್ತಲಲ್ಲೇ ಸರೋವರ ಇದೆ, ಬೆಲ್ ಹೊಡೆದ ಕೂಡಲೇ ಹುಡುಗರು ನೀರಿಗೆ ಕಲ್ಲೆಸೆಯೋಕೆ ಓಡ್ತಾರೆ ಅಂತ ತಾನೆ?

ನಿಜ ಕೇಳಿ. ಶಾಲೆ ಇರೋದು ಲೇ ನಗರದಿಂದ ಸುಮಾರು 15 ಕಿ.ಮೀ. ದೂರದ ಶೇ ಎಂಬ ಹಳ್ಳಿಯಲ್ಲಿ. ಸರೋವರದ ಹೆಸರು ಪ್ಯಾಂಗಾಂಗ್. ಅದಿರೋದು ಅಲ್ಲಿಂದ ಇನ್ನೂ 130 ಕಿ.ಮೀ.ಗೂ ಆಚೆ. ನಡುವೆ 17,500 ಅಡಿಗೂ ಮಿಕ್ಕಿದ ಎತ್ತರದ ಒಂದು ಘಾಟಿ ಅಡ್ಡ ಮಲಗಿದೆ. ಅದು ಚಾಂಗ್ ಲಾ. ಆ ಚಿತ್ರದ ನಿರ್ದೇಶಕ ರಾಜಕುಮಾರ್ ಹಿರಾನಿಯವರೇ ಸಂಕಲನಕಾರರೂ ಹೌದು. ಕತ್ತರಿಯ ಒಂದೇ ಏಟಿಗೆ ಇಡೀ ಬೆಟ್ಟ ಮಾಯ!

ಸಿನಿಮಾಕ್ಕೆ ಅದು ಧರ್ಮ, ತಪ್ಪೇನಿಲ್ಲ. ಆದರೆ ಆ ಕತ್ತರಿಸಿ ಬಿಸಾಕಿದ ತುಂಡು ಇದೆಯಲ್ಲ, ನಮ್ಮ ಹುಡುಗರು ಅದರ ಗೊಡವೆಯೇ ಇಲ್ಲದೆ ಅಲ್ಲಿಗೆ ಹೋಗಿ ನಿಲ್ತಿದ್ದಾರೆ. ಕಳೆದ ಸಲದ ಜುಲೈ ತಿಂಗಳಲ್ಲಿ ನಾನು ಆ ತುಂಡನ್ನ ಕಣ್ಣಾರೆ ನೋಡಿ ಬಂದೆ.

ಒಂದು ದಿನದ ಟ್ರಿಪ್ಪಿಗೆ ಮೂರು ದಿನ!

ಲೇ ಪೇಟೆಯಲ್ಲಿ ಹೆಜ್ಜೆಗೊಂದು ಟ್ಯಾಕ್ಸಿ ಅಂಗಡಿ. ಬೋರ್ಡುಗಳೆಲ್ಲ ಹೇಳೋದು ಒಂದೇ ಮಾತು: ಬೆಳಿಗ್ಗೆ ಹೋಗಿ, ಪ್ಯಾಂಗಾಂಗ್ ನೋಡಿ, ಸಂಜೆ ವಾಪಸ್. ಹೋಗಿ ಬರೋಕೆ 300 ಕಿ.ಮೀ. ಚಿಲ್ಲರೆ, ಹೆಚ್ಚುಕಡಿಮೆ ಹತ್ತು ಗಂಟೆ ಗಾಡಿಯಲ್ಲೇ ಕಳೀಬೇಕು. ಮೈಕೈ ನೋವಾದರೂ ಆಗೋ ಕೆಲಸವೇ. ಬೋರ್ಡಿನ ಮೇಲೆ ಬರೆಯದ ಸಂಗತಿ ಏನಂದ್ರೆ, ಆ ಒಂದು ದಿನಕ್ಕೆ ಮುಂಚೆ ಎರಡು ದಿನ ಲೇನಲ್ಲಿ ಸುಮ್ಮನೆ ಬಿದ್ದುಕೊಂಡಿರಬೇಕು.

ಯಾಕೆ ಅಂತೀರಾ? ಲೇ ಇರೋದೇ ಸುಮಾರು 11,500 ಅಡಿ ಎತ್ತರದಲ್ಲಿ. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿಗೆ 6,300 ಅಡಿ ಚಿಲ್ಲರೆ. ಅಂದ್ರೆ ಲೇ ವಿಮಾನ ನಿಲ್ದಾಣದಲ್ಲಿ ಬ್ಯಾಗು ಎತ್ತಿಕೊಂಡು ನಿಂತಾಗಲೇ ನೀವು ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಎರಡರಷ್ಟು ಮೇಲಿದ್ದೀರಿ! ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ ಶೇಕಡಾ 21. ಆದರೆ ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತೆ, ಒಂದು ಉಸಿರಿಗೆ ಒಳಗೆ ಹೋಗೋ ಸರಕು ಕಡಿಮೆಯಾಗುತ್ತೆ. ನಮ್ಮ ಭಾಷೆಯಲ್ಲೇ ಹೇಳೋದಾದ್ರೆ, ಮಂಗಳೂರಿನಲ್ಲಿ ಹೌಸ್‌ಫುಲ್ ಷೋ, ಲೇನಲ್ಲಿ ಮೂರಕ್ಕೆ ಎರಡು ಸೀಟು ಭರ್ತಿ, ಚಾಂಗ್ ಲಾ ಮೇಲೆ ಅರ್ಧ ಟಾಕೀಸು ಖಾಲಿ.

ಮೈಗೆ ಇದು ಒಗ್ಗುತ್ತೆ, ಆದರೆ ನಿಧಾನಕ್ಕೆ. ಉಸಿರಾಟ ತಾನೇ ಜೋರಾಗಬೇಕು, ರಕ್ತ ಹೊಂದಿಕೊಳ್ಳಬೇಕು. ದೆಹಲಿ ಇರೋದು 700 ಅಡಿ ಎತ್ತರದಲ್ಲಿ. ಅಲ್ಲಿಂದ ವಿಮಾನ ಒಂದೂಕಾಲು ಗಂಟೆಯಲ್ಲಿ ತಂದು ಎಸೆದರೆ ದೇಹಕ್ಕೆ ಗೊತ್ತಾಗೋದಾದ್ರೂ ಹೇಗೆ? ನಮ್ಮ ಸೈನ್ಯದ ಗಟ್ಟಿಮುಟ್ಟು ಜವಾನರನ್ನೇ ಮೇಲಕ್ಕೆ ಕಳಿಸೋ ಮುಂಚೆ 12,000 ಅಡಿಯವರೆಗಿನ ಮೊದಲ ಹಂತದಲ್ಲಿ ಆರು ದಿನ ಇಟ್ಟುಕೊಳ್ತಾರೆ. ಆಮೇಲೆ 15,000 ಅಡಿಯವರೆಗೆ ನಾಲ್ಕು ದಿನ, ಅದರಾಚೆಗೆ ಮತ್ತೆ ನಾಲ್ಕು ದಿನ. ನಮಗೆ ನಿಮಗೆ ಎರಡು ದಿನವಾದರೂ ಬೇಡವಾ ಸ್ವಾಮಿ?

ಇನ್ನೊಂದು ತಪ್ಪು ಕಲ್ಪನೆ ಇದೆ. ಜಿಮ್ಮಿಗೆ ಹೋಗೋನಿಗೆ ಏನೂ ಆಗಲ್ಲ ಅಂತ. ಸುಳ್ಳು! ಈ ಕಾಯಿಲೆ ಸಿಕ್ಸ್ ಪ್ಯಾಕ್ ನೋಡಿ ಹೆದರೋದಿಲ್ಲ. ಮುದುಕರು ಆರಾಮಾಗಿ ಟೀ ಕುಡೀತಾ ಇರ್ತಾರೆ, ಪಕ್ಕದಲ್ಲಿ ಇಪ್ಪತ್ತೆರಡರ ಪೈಲ್ವಾನ ವಾಂತಿ ಮಾಡ್ಕೊಳ್ತಾ ಕೂತಿರ್ತಾನೆ. ಗಟ್ಟಿ ಹುಡುಗನಿಗೇ ಅಪಾಯ ಹೆಚ್ಚು ಅಂತ ನನ್ನ ಅಭಿಪ್ರಾಯ. ಯಾಕಂದ್ರೆ ಅವನು ಸುಮ್ಮನೆ ಮಲಗೋದಿಲ್ಲ, ಬಂದ ದಿನವೇ ಮೆಟ್ಟಿಲು ಓಡಿ ಹತ್ತುತಾನೆ.

ನಾನು ಉಳಿದಿದ್ದ ಮನೆಯೊಡತಿ ಅಜ್ಜಿ ಎರಡು ದಿನ ನನ್ನನ್ನ ಗೇಟು ದಾಟೋಕೆ ಬಿಡಲಿಲ್ಲ ಅನ್ನಬಹುದು. ಬಿಸಿನೀರು ಕುಡಿ, ಮಲಗು, ಮತ್ತೆ ಬಿಸಿನೀರು ಕುಡಿ. ಎರಡನೇ ಸಂಜೆ ಪೇಟೆಗೆ ಹೋಗೋ ಅಪ್ಪಣೆ ಸಿಕ್ತು. ಅಲ್ಲಿ ಒಂದು ಪುಸ್ತಕದಂಗಡಿಯವನ ಜೊತೆ ಹರಟುವಾಗ ರ‍್ಯಾಂಚೋ ವಿಷಯ ಬಂತು. ಆ ಪಾತ್ರಕ್ಕೆ ಸ್ಫೂರ್ತಿ ಅಂತ ಜನ ಬೊಟ್ಟು ಮಾಡೋ ಸೋನಮ್ ವಾಂಗ್ಚುಕ್ ಮತ್ತು ಗೆಳೆಯರು 1988ರಲ್ಲಿ ಕಟ್ಟಿದ ಸಂಸ್ಥೆ ‘ಸೆಕ್ಮೋಲ್’. ಹತ್ತನೇ ಕ್ಲಾಸು ಫೇಲಾದ ಹುಡುಗರಿಗೇ ಅಂತ ಬಾಗಿಲು ತೆರೆದ ಜಾಗ ಅದು. ಫೇಲಾದವರಿಗೆ ಮೊದಲ ಆದ್ಯತೆ! ನಮ್ಮೂರಲ್ಲಿ ಅಂಥದ್ದೊಂದು ಇದ್ದಿದ್ರೆ ಅಂತ ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಅದಿರಲಿ.

ಅಪ್ಪು ಅಭಿಮಾನಿಯ ಮೌನ

ಮೂರನೇ ದಿನ ಬೆಳಿಗ್ಗೆ ಆರಕ್ಕೆ ಷೇರ್ ಟ್ಯಾಕ್ಸಿ. ನಾಲ್ಕು ವಾರದ ಬರವಣಿಗೆ ದುಡ್ಡು ಒಂದು ಸೀಟಿಗೆ ಹೋಯ್ತು. ಗಾಡಿಯಲ್ಲಿ ಪುಣೆಯ ಹೊಸ ಜೋಡಿ, ಹಿಂದಿನ ಸೀಟಿನಲ್ಲಿ ಇಬ್ಬರು ಹುಡುಗರು. ಕಿರಿಯವನ ಮುಂಗೈ ಮೇಲೆ ಪುನೀತ್ ರಾಜಕುಮಾರ್ ಹಚ್ಚೆ! ಕೇಳಬೇಕೇ? ‘ಕನ್ನಡದವ್ರಾ?’ ಅಂದೆ. ‘ಹೌದ್ರೀ, ಗದಗ ಜಿಲ್ಲಾ, ಶಿರಹಟ್ಟಿ ಕಡಿಯವ್ರು’ ಅಂದ ದೊಡ್ಡವನು. ಅಣ್ಣ ತಮ್ಮ. ಅಣ್ಣನಿಗೆ ಮೊಬೈಲ್ ರಿಪೇರಿ ಅಂಗಡಿ, ತಮ್ಮ ಐಟಿಐ ಮುಗಿಸಿ ಕೆಲಸ ಹುಡುಕ್ತಾ ಇದ್ದಾನೆ. ಇಬ್ಬರೂ ಎರಡು ವರ್ಷ ಚೀಟಿ ಹಾಕಿ ದುಡ್ಡು ಕೂಡಿಸಿ ಬಂದಿದ್ದರು. ಹಳದಿ ಸ್ಕೂಟರ್ ಮೇಲೆ ಕೂತು ಫೋಟೋ ಹೊಡೆಸಿಕೊಳ್ಳಬೇಕು, ಅಷ್ಟೇ ಆಸೆ.

‘ಯಾವಾಗ ಬಂದ್ರಿ ಲೇಗೆ?’

‘ನಿನ್ನೆ ಮುಂಜಾನೆ ವಿಮಾನದಾಗ.’

ನಿನ್ನೆ! ಊರಿನ ಕಡೆ ಪ್ಯಾಕೇಜ್ ಮಾರಿದ ಏಜೆಂಟನೊಬ್ಬ ನಾಲ್ಕು ರಾತ್ರಿಗಳ ಲೆಕ್ಕದಲ್ಲಿ ಎಲ್ಲವನ್ನೂ ತುರುಕಿದ್ದ. ಬಂದ ಮರುದಿನವೇ ಪ್ಯಾಂಗಾಂಗ್. ಅವರೇನು ಮಾಡ್ತಾರೆ ಪಾಪ, ಚೀಟಿಯಲ್ಲಿ ಬರೆದ ಹಾಗೆ ಹೊರಟಿದ್ದಾರೆ.

ಶೇ ಹಳ್ಳಿ ಬಂತು. ಡ್ರೈವರ್ ಕೈ ತೋರಿಸಿದ, ಅದೇ ರ‍್ಯಾಂಚೋ ಶಾಲೆ. ನಿಜವಾದ ಹೆಸರು ಡ್ರುಕ್ ಪದ್ಮ ಕಾರ್ಪೋ ಶಾಲೆ. 2010ರ ಆಗಸ್ಟ್‌ನಲ್ಲಿ ಲೇ ಕಣಿವೆಗೆ ಮೇಘಸ್ಫೋಟ ಬಡಿದಾಗ ಈ ಶಾಲೆಗೂ ಕೆಸರು ನುಗ್ಗಿತ್ತು. ಕೆಸರು ತೆಗೆದದ್ದಾಯ್ತು, ಅಭಿಮಾನಿಗಳನ್ನ ತೆಗೆಯೋದು ಕಷ್ಟವಾಯ್ತು! ಚಿತ್ರದಲ್ಲಿ ಚತುರ್‌ಗೆ ಕರೆಂಟ್ ಹೊಡೆಯೋ ಗೋಡೆ ನೋಡೋಕೆ ಬಂದವರ ಗದ್ದಲ, ಕಸ ತಾಳಲಾರದೆ ಆ ಗೋಡೆಯನ್ನೇ ಬೇರೆ ಕಡೆ ಸಾಗಿಸೋ ತೀರ್ಮಾನವನ್ನ 2018ರಲ್ಲಿ ಶಾಲೆಯವರು ಮಾಡಬೇಕಾಯ್ತು. ಮಕ್ಕಳು ಪಾಠ ಕೇಳಬೇಕಲ್ಲ!

ನಾನು ಹಿಂದೆ ತಿರುಗಿ ತಮ್ಮನಿಗೆ ಇದನ್ನೆಲ್ಲ ಹೇಳ್ತಾ ಇದ್ದೆ. ಹುಡುಗ ಕಿಟಕಿಗೆ ತಲೆ ಆನಿಸಿ ಕೂತಿದ್ದ. ಶಾಲೆ ಕಡೆ ನೋಡಲೇ ಇಲ್ಲ. ಇಲ್ಲಿಗೇ ಬರಬೇಕು ಅಂತ ಎರಡು ವರ್ಷ ಚೀಟಿ ಹಾಕಿದವನು!

‘ಏನಿಲ್ರೀ, ಸ್ವಲ್ಪ ತಲಿ ನೋವು. ರಾತ್ರಿ ನಿದ್ದಿ ಬರಲಿಲ್ಲ.’

ಕಾರೂ ಎಂಬಲ್ಲಿ ಚೆಕ್‌ಪೋಸ್ಟ್. ತಿಂಡಿಗೆ ಇಳಿದಾಗ ಅವನು ಪರೋಟಾ ಮುಟ್ಟಲಿಲ್ಲ. ನಾನು ಡ್ರೈವರ್ ಕಿವಿಗೆ ಹಾಕಿದೆ. ಆ ಮನುಷ್ಯ ಮುಂದಿನ ಸಕ್ತಿ ಹಳ್ಳಿಯವನೇ, ಇಪ್ಪತ್ತು ವರ್ಷದಿಂದ ಇದೇ ದಾರಿ. ಹುಡುಗನ ಮುಖ ನೋಡಿದ, ಉಗುರು ನೋಡಿದ, ಇಲ್ಲೇ ಇಳಿದು ವಾಪಸ್ ಹೋಗಿ ಅಂದ. ಹುಡುಗ ಒಪ್ಪಲಿಲ್ಲ. ಅಣ್ಣನಿಗೂ ಮನಸ್ಸಿಲ್ಲ. ಮಾತ್ರೆ ನುಂಗಿದ್ದಾನೆ, ಸರಿ ಹೋಗುತ್ತೆ ಅಂದ. ಇಂಥ ಕಡೆ ಬಲವಂತ ಮಾಡೋಕೆ ಯಾರಿಗೂ ಅಧಿಕಾರ ಇರೋದಿಲ್ಲ ನೋಡಿ.

ಸಕ್ತಿ ದಾಟಿದ ಮೇಲೆ ರಸ್ತೆ ಹಾವಿನ ಹಾಗೆ ಮೇಲೆದ್ದಿತು. ಕೆಳಗೆ ಹಸಿರು ಬಾರ್ಲಿ ಗದ್ದೆ ಕರವಸ್ತ್ರದಷ್ಟಾಯ್ತು, ಆಮೇಲೆ ಅಂಚೆ ಚೀಟಿಯಷ್ಟು. ಬೆಂಗಳೂರಿನ ನಂಬರ್ ಪ್ಲೇಟಿನ ಬುಲೆಟ್‌ಗಳು ಎದುರಾದವು, ಒಂದರ ಟ್ಯಾಂಕ್ ಮೇಲೆ ಹಳದಿ ಕೆಂಪು ಬಾವುಟ. ಬೇರೆ ದಿನವಾಗಿದ್ರೆ ಕೂಗಿ ಕೈ ಬೀಸ್ತಿದ್ದೆವು. ಹಿಂದಿನ ಸೀಟಿನಲ್ಲಿ ಹುಡುಗ ಎರಡು ಸಲ ವಾಂತಿ ಮಾಡಿಕೊಂಡಿದ್ದ.

ಒಂದು ಗೆರೆಯ ಮೇಲೆ ಹತ್ತು ಹೆಜ್ಜೆ

ಎಂಟೂವರೆಗೆ ಚಾಂಗ್ ಲಾ. ಮಂಜಿನ ತೇಪೆಗಳು, ಬಣ್ಣದ ಪ್ರಾರ್ಥನಾ ಪತಾಕೆಗಳು, ಎತ್ತರ ಬರೆದ ಬೋರ್ಡು, ಬೋರ್ಡಿನ ಮುಂದೆ ಫೋಟೋಗೆ ಕ್ಯೂ. ಜುಲೈ ತಿಂಗಳಲ್ಲೂ ಹಲ್ಲು ಕಟಕಟ. ಬಾಗಿಲು ತೆಗೆದು ಹತ್ತು ಹೆಜ್ಜೆ ಹಾಕಿದರೆ ಎದೆಯೊಳಗೆ ಯಾರೋ ಡೋಲು ಬಾರಿಸಿದ ಹಾಗೆ. ಎರಡು ದಿನ ಮಲಗಿ ಬಂದ ನನಗೇ ಹೀಗೆ!

ಅಲ್ಲಿ ಸೈನ್ಯದ ಪ್ರಥಮ ಚಿಕಿತ್ಸೆಯ ಕೋಣೆ ಇದೆ. ಡ್ರೈವರ್ ಹುಡುಗನನ್ನ ನೇರ ಅಲ್ಲಿಗೇ ಕರೆದೊಯ್ದ. ವೈದ್ಯ ಸಿಬ್ಬಂದಿಯ ಜವಾನ ಬೆರಳಿಗೆ ಕ್ಲಿಪ್ ಹಾಕಿದ, ಅಂಕಿ ನೋಡಿ ಹುಬ್ಬು ಗಂಟಿಕ್ಕಿದ. ಆಮೇಲೆ ನೆಲದ ಮೇಲೆ ಬೂಟಿನಿಂದ ಒಂದು ಗೆರೆ ಎಳೆದು, ಹಿಮ್ಮಡಿಗೆ ಬೆರಳು ತಾಗಿಸ್ತಾ ಇದರ ಮೇಲೆ ನಡಿ ಅಂದ. ಕುಡಿದು ಗಾಡಿ ಓಡಿಸಿದವರಿಗೆ ಸಿನಿಮಾಗಳಲ್ಲಿ ಮಾಡಿಸ್ತಾರಲ್ಲ, ಹಾಗೆ. ಮೊದಲಿಗೆ ನಗು ಬಂತು.

ಹುಡುಗ ಮೂರು ಹೆಜ್ಜೆ ಇಟ್ಟ. ನಾಲ್ಕನೆಯದಕ್ಕೆ ಓಲಾಡಿ ಅಣ್ಣನ ಮೇಲೆ ಬಿದ್ದ.

ಯಾರೂ ನಗಲಿಲ್ಲ ಆಮೇಲೆ. ತಲೆನೋವು, ವಾಕರಿಕೆ ಇದ್ದರೆ ಅದು ಮೊದಲ ಎಚ್ಚರಿಕೆ. ಇನ್ನು ಮೇಲೆ ಹತ್ತಬಾರದು ಅಂತ ಅರ್ಥ. ನೆಟ್ಟಗೆ ನಡೆಯೋಕಾಗದೆ ಹೋದರೆ, ಮಾತು ತೊದಲಿದರೆ, ಮಿದುಳು ಊದಿಕೊಳ್ತಾ ಇದೆ ಅಂತ ಅರ್ಥ. ಕೂತಲ್ಲೇ ಉಸಿರು ಕಟ್ಟಿ, ಗೊರಗೊರ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು. ಎರಡೂ ಗಂಟೆಗಳ ಲೆಕ್ಕದಲ್ಲಿ ಪ್ರಾಣ ತೆಗೆಯಬಲ್ಲವು. ಆಮ್ಲಜನಕ, ಮಾತ್ರೆ, ಸೂಜಿ ಎಲ್ಲ ಇವೆ. ಆದರೆ ನಿಜವಾದ ಮದ್ದು ಒಂದೇ, ಕೆಳಗೆ ಇಳಿಯೋದು. ತಕ್ಷಣ ಇಳಿಯೋದು. (ಡಯಾಮಾಕ್ಸ್ ಅನ್ನೋ ಮಾತ್ರೆಯ ಹೆಸರು ನೀವು ಕೇಳಿರಬಹುದು. ಹೊರಡೋ ಮುಂಚೆ ಡಾಕ್ಟರನ್ನ ಕೇಳದೆ ಅದನ್ನ ನುಂಗಬೇಡಿ, ಸಲ್ಫಾ ಔಷಧಿ ಒಗ್ಗದವರಿಗೆ ಅದೂ ಒಗ್ಗದಿರಬಹುದು. ನುಂಗಿದರೂ ಅದು ಎರಡು ದಿನದ ವಿಶ್ರಾಂತಿಗೆ ಬದಲಿಯಲ್ಲ.)

ಮೂಗಿಗೆ ಆಮ್ಲಜನಕದ ಕೊಳವೆ ಹಾಕಿ ಹುಡುಗನನ್ನ ಕೂರಿಸಿದರು. ಹೊರಗೆ ಸಣ್ಣ ಪಂಚಾಯ್ತಿ. ಮುಂದೆಯೂ ಇಳಿಜಾರೇ ಅಲ್ವಾ, ಸರೋವರ ಇಲ್ಲಿಗಿಂತ 3,000 ಅಡಿ ಕೆಳಗಿದೆ, ಆ ಕಡೆಗೇ ಇಳಿದುಬಿಡೋಣ ಅಂತ ಪುಣೆಯ ಗಂಡ ಕೇಳಿದ. ಕೇಳಿದ್ದರಲ್ಲಿ ತಪ್ಪಿಲ್ಲ, ನನ್ನ ತಲೆಯಲ್ಲೂ ಅದೇ ಪ್ರಶ್ನೆ ಇತ್ತು. ಡ್ರೈವರ್ ಸಿಗರೇಟು ಆರಿಸಿ ಹೇಳಿದ: ‘ಆ ಕಡೆ ಇಳಿದರೂ ಇರೋದು 14,000 ಅಡಿ ಹತ್ತಿರ. ಅಲ್ಲಿ ಜೋರಾದರೆ ಕೆಳಗೆ ತರೋಕೆ ಮತ್ತೆ ಇದೇ ಚಾಂಗ್ ಲಾ ಹತ್ತಬೇಕು. ಇಳಿಸೋಕೆ ಅಂತ ಏರಿಸಬೇಕು. ಹಾಗೆ ಏರಿಸುವಾಗ ಏನಾಗುತ್ತೆ ಅಂತ ನಾನು ನೋಡಿದ್ದೀನಿ.’

ಏನು ನೋಡಿದ್ದ ಅಂತ ಯಾರೂ ಕೇಳಲಿಲ್ಲ.

ಇದೇ ನೋಡಿ ಪ್ಯಾಂಗಾಂಗಿನ ಬಲೆ. ಬೇರೆ ಬೆಟ್ಟಗಳಲ್ಲಿ ಮೇಲೆ ಹೋಗಿ ಕಷ್ಟವಾದರೆ ಕೆಳಗಿಳಿದರಾಯ್ತು. ಇಲ್ಲಿ ಸರೋವರ ಇರೋದು ಗೋಡೆಯ ಆಚೆ. ಲೇಗೆ ಹತ್ತಿರದ ದಾರಿ ಗೋಡೆಯ ಮೇಲೇ ಹಾದು ಹೋಗುತ್ತೆ. ಹಿರಾನಿಯವರ ಕತ್ತರಿ ಮಾಯ ಮಾಡಿದ್ದು ಈ ಗೋಡೆಯನ್ನೇ.

ಹಿಂದಿನ ರಾತ್ರಿ ಸರೋವರದ ದಡದಲ್ಲಿ ಉಳಿದವರ ಗಾಡಿಗಳು ಆ ಹೊತ್ತಿಗೆ ವಾಪಸ್ ಬರ್ತಾ ಇರ್ತವೆ. ಡ್ರೈವರ್ ರಸ್ತೆ ಮಧ್ಯೆ ನಿಂತು ಅಂಥದ್ದೊಂದನ್ನ ತಡೆದ, ಲಡಾಖಿ ಭಾಷೆಯಲ್ಲಿ ನಾಲ್ಕು ಮಾತಾಡಿದ. ಎರಡು ಸೀಟು ಸಿಕ್ತು. ಇಬ್ಬರೂ ಹೋಗಬೇಕಾ? ಅಣ್ಣ ಮುಂದೆ ಬರಬಹುದು, ಹುಡುಗನನ್ನ ಲೇ ಆಸ್ಪತ್ರೆಗೆ ತಲುಪಿಸೋ ಜವಾಬ್ದಾರಿ ನನ್ನದು ಅಂದ ಆ ಗಾಡಿಯವನು. ಒಳ್ಳೆಯ ಮನುಷ್ಯ.

ಅಣ್ಣ ಒಂದು ಸಲ ಆ ಕಡೆ ರಸ್ತೆ ನೋಡಿದ. ಸರೋವರದ ಕಡೆಗೆ ಇಳಿಯೋ ರಸ್ತೆ. ನೋಡಿದ್ದು ಮೂರು ಸೆಕೆಂಡು ಇರಬಹುದು.

‘ನೀವು ಹೋಗಿ ಬರ್ರಿ ಸರ. ಕೆರಿ ಎಲ್ಲಿ ಓಡಿ ಹೋಗ್ತದ’ ಅಂದ. ತಮ್ಮನ ಹೆಗಲಿಗೆ ತನ್ನ ಜಾಕೆಟ್ ಹೊದಿಸಿ ಕರೆದುಕೊಂಡು ಹೋದ. ಹತ್ತುವಾಗ ತಮ್ಮ ಹಿಂದಿಯಲ್ಲಿ ಎಲ್ಲರಿಗೂ ಸಾರಿ ಹೇಳ್ತಾ ಇದ್ದ. ಪುಣೆಯ ಹೆಣ್ಣುಮಗಳು ಕಣ್ಣೊರೆಸಿಕೊಂಡಳು, ಗಂಡನಿಗೆ ವಾಚು ನೋಡಬೇಡ ಅಂತ ಗದರಿದಳು.

ಅಂತೂ ಆ ನೀಲಿ!

ಚಾಂಗ್ ಲಾ ಇಳಿದರೆ ಇನ್ನೊಂದು ಲೋಕ. ದುರ್ಬುಕ್, ತಾಂಗ್ಸೆ ಎಂಬ ಊರುಗಳು, ಸೈನ್ಯದ ಶೆಡ್ಡುಗಳು. ರಸ್ತೆ ಪಕ್ಕದ ಹುಲ್ಲಿನಲ್ಲಿ ಬೆಕ್ಕಿಗಿಂತ ದಪ್ಪನೆಯ ಮಾರ್ಮಟ್ ಎಂಬ ಪ್ರಾಣಿ ಎರಡು ಕಾಲ ಮೇಲೆ ನಿಂತು ನಮ್ಮನ್ನೇ ನೋಡ್ತಿತ್ತು. ಬಿಸ್ಕತ್ತು ಹಾಕಬೇಡಿ, ಅದರ ಹೊಟ್ಟೆಗೆ ಅದು ವಿಷ. ಮುಂದೆ ಪಾಗಲ್ ನಾಲಾ, ಹುಚ್ಚು ಹಳ್ಳ. ಬೆಳಿಗ್ಗೆ ಪಾದ ಮುಳುಗದಷ್ಟು ನೀರು, ಬಿಸಿಲೇರಿ ಹಿಮ ಕರಗಿದಂತೆ ಮಧ್ಯಾಹ್ನಕ್ಕೆ ರೌದ್ರಾವತಾರ. ಹಿಂದೆಲ್ಲ ಗಾಡಿಗಳು ಮುಂಜಾನೆಯೇ ಹೊರಡ್ತಿದ್ದದ್ದು ಈ ಹಳ್ಳಕ್ಕೆ ಹೆದರಿ.

ಆಮೇಲೆ ಒಂದು ತಿರುವು. ಎರಡು ಕಂದು ಬೆಟ್ಟಗಳ ನಡುವೆ ನೀಲಿ ಚೂರು. ಯಾರೋ ಬಣ್ಣದ ಡಬ್ಬಿ ಮಗುಚಿದ ಹಾಗೆ. ಮಾತು ನಿಂತಿತು.

ಅಂಕಿಅಂಶ ಬೇಗ ಹೇಳಿಬಿಡ್ತೀನಿ. ಸುಮಾರು 134 ಕಿ.ಮೀ. ಉದ್ದ, ಅತಿ ಅಗಲ ಅಂದ್ರೆ 5 ಕಿ.ಮೀ. ಒಳಗೆ ನೀರು ಬರುತ್ತೆ, ಹೊರಗೆ ಹೋಗೋಕೆ ದಾರಿಯಿಲ್ಲ, ಆದ್ದರಿಂದ ಉಪ್ಪು. ಉಪ್ಪಾದರೂ ಚಳಿಗಾಲದಲ್ಲಿ ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತೆ. 2023ರ ಫೆಬ್ರವರಿಯಲ್ಲಿ ಆ ಮಂಜುಗಡ್ಡೆಯ ಮೇಲೆ 21 ಕಿ.ಮೀ. ಓಟದ ಸ್ಪರ್ಧೆಯನ್ನೇ ನಡೆಸಿದರು ಅಂದ್ರೆ ನೋಡಿ! ‘ಜಬ್ ತಕ್ ಹೈ ಜಾನ್’ (2012) ಚಿತ್ರದಲ್ಲಿ ಅನುಷ್ಕಾ ಶರ್ಮಾ ಧುಮುಕಿದ್ದು ಇದೇ ನೀರಿಗೆ. ನಾನು ಬೆರಳು ಅದ್ದಿ ತೆಗೆದೆ, ಸಾಕಾಯ್ತು. ಆ ಹುಡುಗಿಗೆ ಒಂದು ನಮಸ್ಕಾರ.

ಬಣ್ಣದ ವಿಷಯದಲ್ಲಿ ಮಾತ್ರ ಸಿನಿಮಾ ಸುಳ್ಳು ಹೇಳಿಲ್ಲ. ದಡದಲ್ಲಿ ಗಾಜು, ಹತ್ತು ಮಾರು ಆಚೆ ಗಿಳಿ ಹಸಿರು, ಇನ್ನೂ ಆಚೆ ಶಾಯಿ ನೀಲಿ. ಮೋಡ ಬಂದರೆ ಬೂದಿ. ಒಂದು ಗಂಟೆಯಲ್ಲಿ ನಾಲ್ಕು ವೇಷ.

ದಡ? ದಡದಲ್ಲಿ ಜಾತ್ರೆ ಸ್ವಾಮಿ. ಸಾಲಾಗಿ ನಿಂತ ಹಳದಿ ಸ್ಕೂಟರುಗಳು. ಹತ್ತಿ ಕೂತರೆ ದುಡ್ಡು. ಬಾಡಿಗೆಗೆ ಕೆಂಪು ಲೆಹೆಂಗಾ. ಪೋಸ್ಟರಿನಲ್ಲಿ ಮೂವರು ಕೂತ ಆ ವಿಚಿತ್ರ ಕುರ್ಚಿಗಳ ನಕಲು. ನಮ್ಮಲ್ಲಿ ‘ಮುಂಗಾರು ಮಳೆ’ (2006) ಬಂದ ಮೇಲೆ ಜೋಗದಲ್ಲಿ ಗಣೇಶ್ ಥರ ಕೈ ಚಾಚಿ ನಿಲ್ಲೋ ಹುಡುಗರು ಹೆಚ್ಚಿದರಲ್ಲ, ಅದನ್ನೇ ಹತ್ತು ಪಟ್ಟು ಮಾಡಿ. ಬೈಯೋಕೆ ನನಗೆ ಮನಸ್ಸಿಲ್ಲ. ಇಲ್ಲಿ ಬೇಸಿಗೆ ಅಂದ್ರೆ ನಾಲ್ಕೈದು ತಿಂಗಳು, ಅಷ್ಟರಲ್ಲೇ ಆ ಹಳ್ಳಿಯವರ ವರ್ಷದ ಸಂಪಾದನೆ ಆಗಬೇಕು. ಆದರೆ ಕಲ್ಲಿನ ಸಂದಿಯಲ್ಲೆಲ್ಲ ನೂಡಲ್ಸ್ ಪೊಟ್ಟಣ ತುರುಕಿದವರು ಹಳ್ಳಿಯವರಲ್ಲ, ನಮ್ಮಂಥವರೇ.

ಲಡಾಖಿಗೆ ಸಿನಿಮಾ ಕ್ಯಾಮರಾ ಹೊತ್ತವರು ಮೊದಲಿಗೆ ಬಂದದ್ದು ಈ ಬಣ್ಣಕ್ಕಲ್ಲ ಅನ್ನೋದನ್ನ ಮರೀಬಾರದು. 1964ರಲ್ಲಿ ಚೇತನ್ ಆನಂದ್ ‘ಹಕೀಕತ್’ ತೆಗೆದಾಗ ಅದು ಕಪ್ಪು ಬಿಳುಪು. ಬಲರಾಜ್ ಸಾಹ್ನಿ, ಧರ್ಮೇಂದ್ರ, ಮದನ್ ಮೋಹನ್ ಸಂಗೀತ. 1962ರ ಚೀನಾ ಯುದ್ಧದ ಕಥೆ. ಈ ಸರೋವರದ ದಕ್ಷಿಣಕ್ಕೆ ರೆಜಾಂಗ್ ಲಾ ಇದೆ. 1962ರ ನವೆಂಬರ್ 18ರಂದು ಮೇಜರ್ ಶೈತಾನ್ ಸಿಂಗ್ ಮತ್ತು 13 ಕುಮಾವ್ ಪಡೆಯ ನೂರಕ್ಕೂ ಹೆಚ್ಚು ಜವಾನರು ಆ ಚಳಿಯಲ್ಲಿ ಕೊನೆಯವರೆಗೆ ಕಾದಾಡಿ ಪ್ರಾಣ ಬಿಟ್ಟರು. ಸರೋವರದ ಅರ್ಧಕ್ಕಿಂತ ಹೆಚ್ಚು ಭಾಗ ಚೀನಾದ ಕೈಯಲ್ಲಿದೆ. 2020ರ ಮೇ ತಿಂಗಳಲ್ಲಿ ಉತ್ತರ ದಂಡೆಯಲ್ಲೇ ಎರಡೂ ಸೈನ್ಯಗಳು ಕೈಕೈ ಮಿಲಾಯಿಸಿದವು, 2021ರ ಫೆಬ್ರವರಿಯಲ್ಲಿ ಈ ದಂಡೆಗಳಿಂದ ಹಿಂದೆ ಸರಿದವು. ಸ್ಕೂಟರ್ ಮೇಲೆ ಕೂತು ನಗುವಾಗ ಬೆನ್ನ ಹಿಂದಿನ ಬೆಟ್ಟ ಯಾರದು ಅಂತ ಒಮ್ಮೆ ತಿರುಗಿ ನೋಡಿ.

ನಾನು ಸ್ಕೂಟರ್ ಹತ್ತಲಿಲ್ಲ. ಹತ್ತೋಕೆ ಹೋಗಿ ಆ ಹುಡುಗ ನೆನಪಾದ. ಜನ ಇಲ್ಲದ ಕಡೆ ನಡೆದೆ. ತೊರೆಯೊಂದು ಬಂದು ಸೇರೋ ಜೌಗಿನಲ್ಲಿ ಬೂದು ಬಣ್ಣದ ಹಕ್ಕಿಗಳ ಗುಂಪು. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಹಿಂದೆ ಹತ್ತಿಯುಂಡೆಯ ಹಾಗೆ ಮರಿಗಳು. ಪಟ್ಟೆತಲೆ ಹೆಬ್ಬಾತು. ಇದು ಹಿಮಾಲಯ ದಾಟಿ ಹಾರೋ ಹಕ್ಕಿ. ಅದರ ರಕ್ತಕ್ಕೆ ತೆಳು ಗಾಳಿಯಲ್ಲೂ ಆಮ್ಲಜನಕ ಹಿಡಿಯೋ ತಾಕತ್ತು ನಮ್ಮದಕ್ಕಿಂತ ಹೆಚ್ಚು. ನಾನು ಹತ್ತು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡ್ತಾ ಇದ್ದರೆ ಅದು ಆರಾಮಾಗಿ ಹುಲ್ಲು ಮೇಯ್ತಾ ಇತ್ತು! ನಾಲ್ಕು ಫೋಟೋ ಹೊಡೆದುಕೊಂಡೆ.

ಎರಡು ಗಂಟೆಗೆ ಡ್ರೈವರ್ ಹಾರನ್ ಬಾರಿಸಿದ. ಹತ್ತು ಗಂಟೆ ಪ್ರಯಾಣದ ನಡುವೆ ದಡದಲ್ಲಿ ಸಿಕ್ಕಿದ್ದು ಎರಡು ಗಂಟೆ, ಅಷ್ಟೇ. ದುಡ್ಡಿದ್ದವರು, ಲೇನಲ್ಲಿ ಮೈ ಪಳಗಿಸಿಕೊಂಡವರು ಒಂದು ರಾತ್ರಿ ಉಳಿಯೋದೇ ಲೇಸು ಅನ್ನೋರಿದ್ದಾರೆ. ಮೈ ಪಳಗದವರಿಗೆ ಅದು ಇನ್ನೂ ಅಪಾಯ.

ವಾಪಸ್ ಚಾಂಗ್ ಲಾ ಹತ್ತುವಾಗ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ಹಿಂದಿನ ಸೀಟು ಖಾಲಿ.

ವಾರ್ಡಿನಲ್ಲಿ

ಏಳಕ್ಕೆ ಲೇ ತಲುಪಿ ನೇರ ಸರ್ಕಾರಿ ಆಸ್ಪತ್ರೆಗೆ ಹೋದೆ. ನಮ್ಮ ಪ್ರೀಪೇಯ್ಡ್ ಸಿಮ್ಮುಗಳು ಲಡಾಖಿನಲ್ಲಿ ಸತ್ತ ಹಾಗೆ, ಪೋಸ್ಟ್‌ಪೇಯ್ಡ್ ಮಾತ್ರ ಮಾತಾಡುತ್ತೆ. ಹಾಗಾಗಿ ದಿನವಿಡೀ ಸುದ್ದಿಯಿಲ್ಲ. ಎದೆ ಡವಡವ.

ಹುಡುಗ ಮಂಚದ ಮೇಲೆ ಕೂತು ಬಾಳೆಹಣ್ಣು ತಿಂತಾ ಇದ್ದ! ಮೂಗಿನಲ್ಲಿ ಇನ್ನೂ ಕೊಳವೆ. ಕೆಳಗಿಳಿದು ಕಾರೂ ದಾಟುವಷ್ಟರಲ್ಲೇ ಅರ್ಧ ಜೀವ ಬಂತಂತೆ. ರಾತ್ರಿ ಇಲ್ಲೇ ಇರಲಿ, ಮತ್ತೆ ಎತ್ತರಕ್ಕೆ ಹೋಗೋ ಮಾತೇ ಬೇಡ ಅಂದಿದ್ದರು ಡಾಕ್ಟರು. ಮೂರನೇ ದಿನ ಅವರ ವಿಮಾನ. ಅಂದ್ರೆ ಸರೋವರದ ಕಥೆ ಮುಗೀತು.

ಫೋಟೋ ತೋರಿಸಲೋ ಬೇಡವೋ ಅಂತ ನಾನು ಯೋಚಿಸುವಾಗಲೇ ತಮ್ಮ ಕೈ ಚಾಚಿದ. ‘ತೋರಸ್ರೀ ಸರ, ಟಿಕೆಟ್ ತಗೊಂಡಿದ್ವಿ, ಷೋ ತಪ್ಪೇತಿ. ಟ್ರೇಲರ್ ಆದ್ರೂ ನೋಡ್ತೀವಿ.’ ಅಣ್ಣನೂ ಬಗ್ಗಿದ. ನೀಲಿ ನೀರು ಬಂತು, ಹೂಂ ಅಂದರು. ಹಳದಿ ಸ್ಕೂಟರುಗಳ ಸಾಲು ಬಂತು, ತಮ್ಮ ಸ್ವಲ್ಪ ಹೊತ್ತು ನೋಡಿ ಬೆರಳಿನಿಂದ ಪಕ್ಕಕ್ಕೆ ಸರಿಸಿದ. ಹೆಬ್ಬಾತು ಬಂತು.

‘ಏ ಅಣ್ಣಾ, ಇದು ನಮ್ಮ ಕೆರಿ ಹಕ್ಕಿ ಅಲ್ಲೇನೋ?’

ಅಣ್ಣ ಫೋನು ಕಿತ್ತುಕೊಂಡ, ಫೋಟೋ ದೊಡ್ಡದು ಮಾಡಿ ತಲೆಯ ಪಟ್ಟೆ ಎಣಿಸಿದ. ಅದೇ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಸಾವಿರಗಟ್ಟಲೆ ಬಂದಿಳಿಯೋದು ಇದೇ ಪಟ್ಟೆತಲೆ ಹೆಬ್ಬಾತು. ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿದೆ. ಸುತ್ತಲಿನ ಶೇಂಗಾ ಹೊಲಗಳಲ್ಲಿ ಮೇಯ್ದು, ಬೇಸಿಗೆ ಹತ್ತಿರವಾದಂತೆ ಉತ್ತರಕ್ಕೆ ಹಾರಿಬಿಡುತ್ತೆ.

‘ಇವು ಎಲ್ಲಿಂದ ಬರ್ತಾವ ಅಂತ ಸಣ್ಣಾವಿದ್ದಾಗಿಂದ ಕೇಳ್ತಿದ್ದೆ. ಇಲ್ಲಿಂದೇನು!’ ಅಂದ ತಮ್ಮ. ಕೊಳವೆ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದ. ‘ನಮ್ಮ ಹೊಲದಾಗಿನ ಶೇಂಗಾ ತಿಂದು ಇಲ್ಲಿ ಬಂದು ಮರಿ ಮಾಡ್ಯಾವ ನೋಡು.’

ಅಣ್ಣ ಆ ಒಂದು ಫೋಟೋ ಕಳಿಸಿ ಅಂತ ನಂಬರ್ ಕೊಟ್ಟ. ‘ಡಿಸೆಂಬರ್‌ದಾಗ ಬರ್ರಿ ಸರ ನಮ್ಮೂರಿಗೆ. ಬೆಳಗಾ ಮುಂಜಾನೆ ಕೆರಿ ದಂಡಿಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಉಸಿರಿಗೇನೂ ತೊಂದ್ರಿ ಇಲ್ಲ.’